ಬ್ಲೋವರ್ ಚಾಲೂ ಆದ ಕೂಡಲೇ ಕಾಟಾ ಯಾಕೆ ಕುಣಿಯುತ್ತದೆ?

ಓದುಗರ ಪ್ರಶ್ನೆ:

"ಸರ್, ನಮಸ್ಕಾರ. ತಿಕೋಟಾ ಹತ್ತಿರ ನಮ್ಮದೊಂದು ಸಣ್ಣ ಮಣೂಕ (ಒಣದ್ರಾಕ್ಷಿ) ಘಟಕ ಇದೆ. ತೊಳೆದು, ಗ್ರೇಡಿಂಗ್ ಮಾಡಿ, 15 ಕೆಜಿ ಬಾಕ್ಸ್ ತುಂಬುತ್ತೇವೆ. ದಿನಕ್ಕೆ ಸುಮಾರು 200 ಬಾಕ್ಸ್ ಆಗುತ್ತವೆ. ಈ ಸಲ ಸೀಸನ್ ಶುರುವಾಗುವ ಮುಂಚೆ ಬ್ಲೋವರಿನ 5 ಎಚ್‌ಪಿ ಮೋಟಾರಿಗೆ ವಿಎಫ್‌ಡಿ ಡ್ರೈವ್, ಅಂದರೆ ಮೋಟಾರ್ ವೇಗ ಏರಿಳಿಸುವ ಸಾಧನ, ಹಾಕಿಸಿದೆವು. ಜಾಗ ಸಾಲದೆ ಕಾಟಾ ಇಟ್ಟ ಟೇಬಲನ್ನೂ ಬ್ಲೋವರ್ ಕಡೆಗೆ ಸರಿಸಿದೆವು. ಅವತ್ತಿನಿಂದ ತೂಕ ನಿಲ್ಲುತ್ತಿಲ್ಲ. 30 ಕೆಜಿ ಕಾಟಾ, 5 ಗ್ರಾಂ ಅಕ್ಯುರೆಸಿಯದು. ಬ್ಲೋವರ್ ಬಂದ್ ಮಾಡಿದ್ರ ಗಪ್ ಕುಂದರ್ತದ, ಚಾಲೂ ಮಾಡಿದ್ರ 20ರಿಂದ 60 ಗ್ರಾಂ ಕುಣ್ಯಾಕ ಹತ್ತತದ. ಒಬ್ಬರು ವೈರಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತು ಅಂದರು. ಎಲೆಕ್ಟ್ರಿಷಿಯನ್ ಕಾಟಾಕ್ಕೆ ಬೇರೆ ಅರ್ಥಿಂಗ್ ಗುಂಡಿ ತೋಡಬೇಕು ಅಂತಾರೆ. ಇನ್ನೊಬ್ಬರು ಸ್ಟೆಬಿಲೈಜರ್ ತರಲು ಹೇಳಿದರು. ಫ್ಯಾಬ್ರಿಕೇಶನ್‌ನವರು ಕಾಟಾದ ಸುತ್ತ ಪೂರ್ತಿ ತಗಡಿನ ಕ್ಯಾಬಿನ್ ಮಾಡಿಕೊಡ್ತೀನಿ ಅಂದಿದ್ದಾರೆ. ಯಾವುದು ಸರಿ?"

ಉತ್ತರ:

ಕ್ಯಾಬಿನ್ನಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಡಬೇಡಿ, ಒಂದು ವಾರ ತಡೆಯಿರಿ.

ನಿಮ್ಮ ಚಿಂತೆ ಸಣ್ಣದಲ್ಲ. ಬಾಕ್ಸಿಗೆ 50 ಗ್ರಾಂ ಅಂದರೂ 200 ಬಾಕ್ಸಿಗೆ ದಿನಕ್ಕೆ 10 ಕೆಜಿ. ಜಾಸ್ತಿ ಹೋದರೆ ನಿಮ್ಮ ಮಾಲು, ಕಡಿಮೆ ಹೋದರೆ ನಿಮ್ಮ ಹೆಸರು. ನಾನು ಬೆಳಗಾವಿಯಲ್ಲಿದ್ದುಕೊಂಡು ಇಪ್ಪತ್ತು ವರ್ಷದಿಂದ ಇಂಥ ಅಳತೆಯ ಉಪಕರಣಗಳದ್ದೇ ಕೆಲಸ ಮಾಡುತ್ತಿದ್ದೇನೆ. ಉದ್ಯಮಬಾಗ್ ಫೌಂಡ್ರಿಗಳ ಟೆಂಪರೇಚರ್ ಮೀಟರ್, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಟಾ, ಎಲ್ಲ ನೋಡಿದ್ದೇನೆ. ಡ್ರೈವ್ ಹಾಕಿದ ಮೇಲೆ ಅಳತೆ ಕೆಟ್ಟಿತು ಅನ್ನುವ ದೂರು ಬಹಳ ಸಲ ಕೇಳಿದ್ದೇನೆ, ಮತ್ತು ಬಹಳ ಸಲ ಅದು ನಿಜವೇ. ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಡ್ರೈವ್ ಹಾಕಿದ ಸಮಯಕ್ಕೇ ಟೇಬಲನ್ನೂ ಬ್ಲೋವರ್ ಕಡೆಗೆ ಸರಿಸಿದ್ದೀರಿ. ಒಂದೇ ದಿನ ಎರಡು ಬದಲಾವಣೆ ಆಗಿದೆ. ತಪ್ಪು ಡ್ರೈವಿನದೇ ಅಂತ ಈಗಲೇ ಹೇಳಲು ಬರುವುದಿಲ್ಲ.

ಗಾಳಿಯದ್ದೇ ಒಂದು ಲೆಕ್ಕ ಮಾಡಿ ನೋಡಿ. ಕಾಟಾದ ತಟ್ಟೆ 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಇದೆ ಅಂದುಕೊಳ್ಳಿ. ಅದರ ಮೇಲೆ ಸೆಕೆಂಡಿಗೆ 2 ಮೀಟರ್ ವೇಗದ ಗಾಳಿ ನೇರ ಕೆಳಗೆ ಬಿದ್ದರೆ ಸುಮಾರು 40 ಗ್ರಾಂ ತೂಕದಷ್ಟು ಒತ್ತುತ್ತದೆ. 2 ಮೀಟರ್ ಅಂದರೆ ಮುಖಕ್ಕೆ ತಣ್ಣಗೆ ತಾಗುವಷ್ಟೇ ಗಾಳಿ, ಕಾಗದ ಹಾರುವುದೂ ಇಲ್ಲ. ನೀವು ಬರೆದಿರುವುದೂ 20ರಿಂದ 60 ಗ್ರಾಂ. ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಹಿಂದೆ ಒಂದು ಅರಿಶಿಣ ಪುಡಿ ಪ್ಯಾಕಿಂಗ್ ಮಾಡುವ ಕಡೆ ಎರಡು ದಿನ ಶೀಲ್ಡ್ ಕೇಬಲ್ (ಸುತ್ತ ಲೋಹದ ಬಲೆ ಹೊದಿಸಿದ ವೈರ್) ಎಳೆದು, ಫೆರೈಟ್ (ವಿದ್ಯುತ್ ಕಿರಿಕಿರಿ ಕುಗ್ಗಿಸುವ ಉಂಗುರ) ಹಾಕಿ, ಅರ್ಥಿಂಗ್ ಬಿಗಿ ಮಾಡಿ ಸೋತಿದ್ದೆ. ಮೂರನೇ ದಿನ ಅಲ್ಲಿ ಪುಡಿ ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ಕಾಟಾದ ಪಕ್ಕ ಖಾಲಿ ಬಾಕ್ಸ್ ಅಡ್ಡ ಇಟ್ಟಳು, ಅಂಕಿ ನಿಂತುಬಿಟ್ಟಿತು. ಆಕೆಗೆ ಅದು ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಹಾಗಾಗಿ ಮೊದಲ ಪರೀಕ್ಷೆ ಇದು. ತಟ್ಟೆಗೆ ಎಲ್ಲೂ ತಾಗದಂತೆ ಒಂದು ದೊಡ್ಡ ರಟ್ಟಿನ ಬಾಕ್ಸ್ ಕವುಚಿ ಹಾಕಿ, ಅಂಕಿ ಕಾಣುವಷ್ಟು ಜಾಗ ಬಿಟ್ಟು, ಬ್ಲೋವರ್ ಚಾಲೂ ಮಾಡಿ. ಅಂಕಿ ನಿಂತರೆ ಇದು ವಿದ್ಯುತ್ತಿನ ತೊಂದರೆಯೇ ಅಲ್ಲ, ಗಾಳಿ. ಟೇಬಲ್ ಹಿಂದಕ್ಕೆ ಸರಿಸಿ ಅಥವಾ ಗಾಳಿಗೆ ಅಡ್ಡ ಪಾರ್ಟಿಶನ್ ಹಾಕಿ, ಮುಗಿಯಿತು. ರಟ್ಟಿಗೆ ವಿದ್ಯುತ್ ಕಿರಿಕಿರಿಯನ್ನು ತಡೆಯುವ ಶಕ್ತಿ ಇಲ್ಲ, ಆದ್ದರಿಂದಲೇ ಈ ಪರೀಕ್ಷೆ ಇಷ್ಟು ಸ್ಪಷ್ಟ.

ನಿಲ್ಲಲಿಲ್ಲವಾ? ಹಾಗಾದರೆ ಎರಡನೆಯದು. ಬ್ಲೋವರಿಗೆ ಬೆಲ್ಟ್ ಇದ್ದರೆ ಮೇನ್ ಆಫ್ ಮಾಡಿ, ಯಾರೂ ಆನ್ ಮಾಡದಂತೆ ಒಬ್ಬರನ್ನು ಪ್ಯಾನಲ್ ಹತ್ತಿರ ನಿಲ್ಲಿಸಿ, ಬೆಲ್ಟ್ ಬಿಚ್ಚಿ. ಆಮೇಲೆ ಮೋಟಾರ್ ಒಂದನ್ನೇ ಓಡಿಸಿ. ಈಗ ಗಾಳಿಯೂ ಇಲ್ಲ, ಫ್ಯಾನಿನ ಅದುರಾಟವೂ ಇಲ್ಲ, ಆದರೆ ಡ್ರೈವ್ ಮಾಡುವ ವಿದ್ಯುತ್ ಗದ್ದಲ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಕಾಟಾ ಈಗಲೂ ಕುಣಿದರೆ ಕಳ್ಳ ಡ್ರೈವೇ. ಕುಣಿಯದಿದ್ದರೆ ನೆಲದ ಅದುರಾಟವನ್ನು ನೋಡಿ. ಗ್ರೇಡಿಂಗ್ ಜಾಲರಿ ಅದೇ ಸಿಮೆಂಟ್ ನೆಲದ ಮೇಲೆ ನಿಂತಿದ್ದರೆ ಅದರದ್ದೂ ಪಾಲು ಇರುತ್ತದೆ.

ಮೂರನೆಯದು ಇನ್ನೂ ಸುಲಭ. ನಮ್ಮ ಕಡೆಯ ಟೇಬಲ್ ಕಾಟಾಗಳಲ್ಲಿ ಕರೆಂಟ್ ಹೋದಾಗ ಓಡಲಿ ಅಂತ ಒಳಗೇ ಬ್ಯಾಟರಿ ಇರುತ್ತದೆ, ಅಲ್ವಾ? ಚಾರ್ಜರ್ ಪಿನ್ ಸಾಕೆಟ್ಟಿನಿಂದ ಪೂರ್ತಿ ಕಿತ್ತು, ಬ್ಯಾಟರಿ ಮೇಲೆ ಓಡಿಸಿ ನೋಡಿ. ಕುಣಿತ ನಿಂತರೆ ಗದ್ದಲ ಕರೆಂಟಿನ ವೈರಿನ ಮೂಲಕ ಒಳಗೆ ಬರುತ್ತಿದೆ. ನಿಲ್ಲದಿದ್ದರೆ ಲೋಡ್ ಸೆಲ್, ಅಂದರೆ ತಟ್ಟೆಯ ಕೆಳಗೆ ಭಾರ ಅಳೆಯುವ ಭಾಗ, ಅದರ ವೈರಿನ ಮೂಲಕ ಬರುತ್ತಿದೆ. ಎರಡಕ್ಕೂ ಔಷಧಿ ಬೇರೆ. ಇಷ್ಟು ತಿಳಿಯದೆ ಸಾಮಾನು ತಂದರೆ ಅರ್ಧಕ್ಕರ್ಧ ದುಡ್ಡು ದಂಡ.

ಮನೆಯಲ್ಲಿ ಹಳೆಯ ಮೀಡಿಯಂ ವೇವ್ ರೇಡಿಯೋ ಇದ್ದರೆ ಅದನ್ನೂ ತನ್ನಿ. ಯಾವ ಸ್ಟೇಷನ್ನೂ ಸಿಗದ ಕಡೆ ಮುಳ್ಳು ನಿಲ್ಲಿಸಿ, ಡ್ರೈವ್ ಓಡುವಾಗ ಮೋಟಾರ್ ಕೇಬಲ್ ಉದ್ದಕ್ಕೂ ಹಿಡಿದುಕೊಂಡು ನಡೆಯಿರಿ. ಎಲ್ಲಿ ಗರ್ ಅನ್ನುವ ಸದ್ದು ಏರುತ್ತದೋ ಅಲ್ಲಿ ಗದ್ದಲ ಜಾಸ್ತಿ. ಸಾವಿರಾರು ರೂಪಾಯಿಯ ಮೀಟರ್ ಇಲ್ಲದೆ ನಾನು ಇವತ್ತಿಗೂ ಮೊದಲ ಸುತ್ತು ಹೀಗೇ ಹೊಡೆಯುತ್ತೇನೆ.

ಇನ್ನು ಡ್ರೈವೇ ಕಾರಣ ಅಂತ ಖಾತ್ರಿಯಾಯಿತು ಅಂದುಕೊಳ್ಳೋಣ. ಯಾಕೆ ಹೀಗಾಗುತ್ತದೆ?

ಕಾಟಾದ ಹೊಟ್ಟೆಯಲ್ಲಿರುವ ಲೋಡ್ ಸೆಲ್ ಕೊಡುವ ಸಿಗ್ನಲ್ ಎಷ್ಟು ಸಣ್ಣದು ಅಂತ ಗೊತ್ತಾದರೆ ಅರ್ಧ ವಿಷಯ ತಿಳಿದಂತೆ. ಸಾಮಾನ್ಯವಾದ ಲೋಡ್ ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ 30 ಕೆಜಿ ಇಟ್ಟಾಗ ಅದು ವಾಪಸ್ ಕೊಡುವುದು 10 ಮಿಲಿವೋಲ್ಟ್. ಆ 10 ಮಿಲಿವೋಲ್ಟನ್ನು ಕಾಟಾ 6000 ತುಂಡು ಮಾಡಬೇಕು, ಯಾಕೆಂದರೆ 30 ಕೆಜಿಯಲ್ಲಿ 5 ಗ್ರಾಂನ ಹೆಜ್ಜೆಗಳು ಅಷ್ಟಿವೆ. ಒಂದು ಹೆಜ್ಜೆಗೆ ಸಿಗುವುದು ಸುಮಾರು 1.7 ಮೈಕ್ರೋವೋಲ್ಟ್. ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋವೋಲ್ಟ್. ಅತ್ತ ಡ್ರೈವಿನ ಒಳಗೆ 415 ವೋಲ್ಟ್ ಡಿಸಿಯಾಗಿ ಬದಲಾಗಿ ಸುಮಾರು 590 ವೋಲ್ಟ್ ನಿಂತಿರುತ್ತದೆ. ಅದನ್ನು ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಮೋಟಾರಿಗೆ ಕಳಿಸುತ್ತದೆ. ಎರಡರ ನಡುವೆ 35 ಕೋಟಿ ಪಟ್ಟು ಅಂತರ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳಬೇಕು, ಕಾಟಾದ ಪರಿಸ್ಥಿತಿ ಹಾಗಿದೆ.

ಕತ್ತರಿಸುವ ವೇಗವೇ ತೊಂದರೆಯ ಬೇರು. ಪ್ರತಿ ಸಲ ವೋಲ್ಟೇಜ್ ಸೊನ್ನೆಯಿಂದ 590ಕ್ಕೆ ಏರಲು ತೆಗೆದುಕೊಳ್ಳುವುದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಮೋಟಾರ್ ಕೇಬಲ್ಲಿಗೂ ನೆಲಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಕೆಪಾಸಿಟರ್ ಇರುತ್ತದೆ, 10 ಮೀಟರ್ ಕೇಬಲ್ಲಿಗೆ ಸುಮಾರು 1 ನ್ಯಾನೋಫ್ಯಾರಡ್ ಹಿಡಿಯಬಹುದು. ಅಷ್ಟಕ್ಕೇ ಲೆಕ್ಕ ಹಾಕಿದರೆ ಪ್ರತಿ ಏರಿಕೆಗೂ ಕ್ಷಣಮಾತ್ರ 6 ಆಂಪಿಯರಿನಷ್ಟು ಕರೆಂಟ್ ನೆಲಕ್ಕೆ ಚಿಮ್ಮುತ್ತದೆ. ಚಿಮ್ಮಿದ ಕರೆಂಟ್ ಭೂಮಿಯೊಳಗೆ ಮಾಯವಾಗುವುದಿಲ್ಲ. ಅದು ಹುಟ್ಟಿದ್ದು ಡ್ರೈವಿನಲ್ಲಿ, ಡ್ರೈವಿಗೇ ವಾಪಸ್ ಹೋಗಬೇಕು. ನೀವು ಸರಿಯಾದ ದಾರಿ ಕೊಡದಿದ್ದರೆ ಸಿಕ್ಕಿದ ದಾರಿ ಹಿಡಿಯುತ್ತದೆ. ಶೆಡ್ಡಿನ ಕಬ್ಬಿಣ, ಕನ್ವೇಯರ್ ಫ್ರೇಮ್, ಕಾಟಾದ ಚಾರ್ಜರ್ ವೈರ್, ಯಾವುದಾದರೂ ಆಗಬಹುದು. ನಾಯ್ಸ್ ಅಂತ ನಾವು ಕರೆಯುವುದು ಈ ದಾರಿ ತಪ್ಪಿದ ಕರೆಂಟನ್ನೇ.

ಕಾಟಾದ ವೈರ್ ಮೋಟಾರ್ ಕೇಬಲ್ಲಿನ ಪಕ್ಕಪಕ್ಕದಲ್ಲೇ ಹೋಗಿದ್ದರೆ ಏನಾಗುತ್ತದೆ? 3 ಮೀಟರ್ ಉದ್ದ, 5 ಸೆಂಟಿಮೀಟರ್ ಅಂತರ, ಸಿಗ್ನಲ್ಲಿನ ಎರಡು ಎಳೆಗಳ ನಡುವೆ 3 ಮಿಲಿಮೀಟರ್ ಸಂದು, ಹೆಣೆದಿಲ್ಲ, ಶೀಲ್ಡ್ ಇಲ್ಲ ಅಂತ ಇಟ್ಟುಕೊಂಡರೆ ಕಾಗದದ ಲೆಕ್ಕದಲ್ಲಿ ಆ ಕ್ಷಣಕ್ಕೆ ಸುಮಾರು 2 ವೋಲ್ಟ್ ಹುಟ್ಟುತ್ತದೆ. ನಿಮಗೆ ಬೇಕಾದ ಸಿಗ್ನಲ್ 1.7 ಮೈಕ್ರೋವೋಲ್ಟ್! ಕಾಟಾದ ಒಳಗಿನ ಸರ್ಕ್ಯೂಟ್ ನಿಧಾನದ್ದು, ಇಷ್ಟು ಚಿಕ್ಕ ಸಿಡಿತವನ್ನು ಸರಾಸರಿ ಮಾಡಿ ಮರೆಯಬೇಕು ನಿಜ. ಆದರೆ ಇಷ್ಟು ವೇಗದ ಸಿಡಿತ ಒಳಗೆ ಬಂದರೆ ಆಂಪ್ಲಿಫೈಯರಿನ ಮೊದಲ ಮೆಟ್ಟಿಲೇ ಅದನ್ನು ಡಯೋಡಿನ ಹಾಗೆ ಒಂದು ಕಡೆಗೆ ಬಗ್ಗಿಸಿ ಸಣ್ಣ ಡಿಸಿ ಮಾಡಿಬಿಡುತ್ತದೆ. ಆ ಡಿಸಿ ಆಮೇಲೆ ತೂಕವೇ ಅನ್ನಿಸಿಕೊಳ್ಳುತ್ತದೆ. ಯಾವ ಫಿಲ್ಟರಿಗೂ ಅದು ಬೇರೆ ಅಂತ ಗುರುತು ಹತ್ತುವುದಿಲ್ಲ.

ಈಗ ನಿಮಗೆ ಬಂದ ಸಲಹೆಗಳು. ಫಾಯಿಲ್ ಸುತ್ತುವುದು ಪೂರ್ತಿ ಸುಳ್ಳಲ್ಲ, ಆದರೆ ಸುಮ್ನೆ ಸುತ್ತಿ ಬಿಟ್ಟರೆ ಉಪಯೋಗ ಕಡಿಮೆ. ಯಾವುದಕ್ಕೂ ಜೋಡಿಸದ ಫಾಯಿಲ್ ತಾನೇ ಗದ್ದಲ ಹಿಡಿದು ಒಳಗಿನ ವೈರಿಗೆ ದಾಟಿಸಬಹುದು. ಇನ್ನು ನಮ್ಮ ಲೈನ್ ಕರೆಂಟಿನ 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರ್ ಹಮ್ಮಿಂಗ್ ಇದೆಯಲ್ಲ ಅದಕ್ಕೆ, ಫಾಯಿಲ್ ಲೆಕ್ಕಕ್ಕೇ ಇಲ್ಲ. ಅಷ್ಟು ನಿಧಾನದ ಅಲೆಯನ್ನು ಕುಗ್ಗಿಸಲು ಅಲ್ಯೂಮಿನಿಯಂ ಒಂದು ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ ಬೇಕು. ಅಡುಗೆಮನೆಯ ಫಾಯಿಲ್ ಅದರ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ತೆಳು. ಅಲ್ಲಿ ಕೆಲಸ ಮಾಡುವುದು ದೂರ, ಮತ್ತು ಹೆಣೆದ ವೈರ್. ಎರಡು ಎಳೆಗಳನ್ನು ಜಡೆಯಂತೆ ಹೆಣೆದರೆ ಒಂದು ಸುತ್ತಿನಲ್ಲಿ ಹುಟ್ಟಿದ್ದು ಮುಂದಿನ ಸುತ್ತಿನಲ್ಲಿ ವಜಾ ಆಗುತ್ತದೆ. ಟೆಲಿಫೋನ್ ಕಂಡುಹಿಡಿದ ಬೆಲ್ ಅವರೇ 1881ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು.

ಬೇರೆ ಅರ್ಥಿಂಗ್ ಗುಂಡಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಇದ್ದಲು, ಉಪ್ಪು ಹಾಕಿ ಎಷ್ಟೇ ಚೆಂದ ಗುಂಡಿ ಮಾಡಿ, 1 ಓಮ್ ಬರಲಿ, ಅದು 50 ಹರ್ಟ್ಸಿಗೆ ಮಾತ್ರ. ಗುಂಡಿಯಿಂದ ಕಾಟಾದವರೆಗೆ 10 ಮೀಟರ್ ವೈರ್ ಇದ್ದರೆ, ಒಂದು ಮೆಗಾಹರ್ಟ್ಸ್ (ಸೆಕೆಂಡಿಗೆ ಹತ್ತು ಲಕ್ಷ ಸಲ) ಗದ್ದಲಕ್ಕೆ ಆ ವೈರೇ 60 ಓಮಿಗೂ ಮೇಲಿನ ತಡೆ. ಗದ್ದಲದ ಪಾಲಿಗೆ ಗುಂಡಿ ಇದ್ದೂ ಇಲ್ಲದಂತೆ. ಜೊತೆಗೆ ಅಪಾಯವೂ ಇದೆ. ಕಾಟಾದ ಅರ್ಥ್ ಬೇರೆ, ಶೆಡ್ಡಿನ ಅರ್ಥ್ ಬೇರೆ ಆದರೆ, ಮೋಟಾರಿನಲ್ಲಿ ಬಾಡಿ ಶಾರ್ಟ್ ಆದ ದಿನ ಅಥವಾ ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದ ದಿನ, ಎರಡರ ನಡುವೆ ನೂರಾರು, ಸಿಡಿಲಿನಲ್ಲಿ ಸಾವಿರಾರು ವೋಲ್ಟ್ ನಿಲ್ಲಬಹುದು. ಒಂದು ಕೈ ಕಾಟಾದ ಮೇಲೆ, ಒಂದು ಕೈ ಕನ್ವೇಯರ್ ಮೇಲೆ ಇಟ್ಟ ಮನುಷ್ಯನ ಗತಿ ಯೋಚಿಸಿ. ನಿಮ್ಮ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ, ಕೆಳಗೆ ಕರಿಕಲ್ಲು. ಇರುವ ಗುಂಡಿಗೇ ನೀರು ಹಾಕುತ್ತಾ, ಕ್ಲಾಂಪಿನ ತುಕ್ಕು ಉಜ್ಜಿ ಬಿಗಿ ಮಾಡಿ. ಹೊಸ ಗುಂಡಿ ತೋಡಿಸಲೇಬೇಕಾಗಿ ಬಂದರೂ ಹಳೆಯದಕ್ಕೆ ಪಟ್ಟಿಯಿಂದ ಜೋಡಿಸಿಯೇ ಇಡಿ.

ಮತ್ತೆ, ಅರ್ಥ್ ಪಿನ್ ಕಿತ್ತರೆ ಕಾಟಾ ನಿಲ್ಲುತ್ತದೆ ಅಂತ ಯಾರಾದರೂ ತೋರಿಸಿದರೆ ಒಪ್ಪಬೇಡಿ. ಕೆಲವು ಸಲ ನಿಜವಾಗಿಯೂ ನಿಲ್ಲುತ್ತದೆ. ಆದರೆ ನಿಮ್ಮದು ತೊಳೆಯುವ ನೀರು ಹರಿಯುವ ಜಾಗ, ಕೆಲಸದವರು ಒದ್ದೆ ನೆಲದಲ್ಲಿ ನಿಂತಿರುತ್ತಾರೆ.

ಸ್ಟೆಬಿಲೈಜರ್ ಸರಿಪಡಿಸುವುದು ವೋಲ್ಟೇಜ್ ಏರಿಳಿತವನ್ನು. ಇಷ್ಟು ವೇಗದ ಸಿಡಿತ ಅದಕ್ಕೆ ಕಾಣುವುದೇ ಇಲ್ಲ. ಬಿಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ವೈರ್ ದಾರಿ ಬದಲಿಸುತ್ತೇನೆ. ಮೋಟಾರ್ ಕೇಬಲ್ ಒಂದು ಗೋಡೆ, ಕಾಟಾದ ವೈರ್ ಇನ್ನೊಂದು ಗೋಡೆ. ಆಗದಿದ್ದರೆ ಕನಿಷ್ಠ 30 ಸೆಂಟಿಮೀಟರ್ ಅಂತರ. ಮೇಲಿನ ಲೆಕ್ಕದಲ್ಲೇ 5 ಸೆಂಟಿಮೀಟರಿನಿಂದ 30ಕ್ಕೆ ಹೋದರೆ ನುಗ್ಗುವ ಗದ್ದಲ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಾಟಲೇಬೇಕಾದ ಕಡೆ ಅಡ್ಡಡ್ಡ, ಮೂಲೆಮಟ್ಟದಲ್ಲಿ ದಾಟಿಸಿ. ಇದಕ್ಕೆ ಖರ್ಚು ಅರ್ಧ ದಿನದ ಕೂಲಿ.

ಆಮೇಲೆ ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್. ಬಿಡಿಬಿಡಿ ಮೂರು ವೈರ್ ಪೈಪಿನಲ್ಲಿ ಎಳೆದಿದ್ದಾರೆ ಅಂತ ನನ್ನ ಊಹೆ. ಅದನ್ನು ತೆಗೆದು ನಾಲ್ಕು ಕೋರ್ ಶೀಲ್ಡ್ ಕೇಬಲ್ ಹಾಕಿಸಿ, ಸಿಗದಿದ್ದರೆ ಆರ್ಮರ್ಡ್ (ಮೇಲೆ ಲೋಹದ ತಂತಿಯ ಕವಚ ಇರುವ) ಕೇಬಲ್. ನಾಲ್ಕನೇ ಕೋರ್ ಮೋಟಾರಿನ ಬಾಡಿಯಿಂದ ನೇರ ಡ್ರೈವಿನ ಅರ್ಥ್ ಟರ್ಮಿನಲ್ಲಿಗೇ ಬರಬೇಕು. ನಾನು ಮೇಲೆ ಹೇಳಿದ ವಾಪಸ್ ದಾರಿ ಅದೇ. ಶೀಲ್ಡನ್ನು ಎರಡೂ ತುದಿಯಲ್ಲಿ ಜೋಡಿಸಬೇಕು, ಅದೂ ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್ ಅಥವಾ ಕ್ಲಾಂಪಿನಿಂದ. ಪ್ಯಾನಲ್ಲಿನ ಪೇಂಟ್ ಆ ಜಾಗದಲ್ಲಿ ಕೆರೆದು ತೆಗೆಯದಿದ್ದರೆ ಗ್ಲ್ಯಾಂಡ್ ಬಿಗಿ ಮಾಡಿಯೂ ಪ್ರಯೋಜನ ಇಲ್ಲ. ಬಹಳ ಎಲೆಕ್ಟ್ರಿಷಿಯನ್ನರು ಶೀಲ್ಡಿನ ಎಳೆಗಳನ್ನು ಹುರಿ ಹೊಸೆದು, ಒಂದು ಗೇಣು ಉದ್ದದ ಬಾಲ ಮಾಡಿ ಸ್ಕ್ರೂಗೆ ಸಿಕ್ಕಿಸುತ್ತಾರೆ. ನೋಡಲು ನೀಟಾಗಿ ಕಾಣುತ್ತದೆ, ಆದರೆ ವೇಗದ ಗದ್ದಲಕ್ಕೆ ಆ ಗೇಣುದ್ದದ ಬಾಲವೇ ಗೋಡೆ.

ಶೀಲ್ಡ್ ಯಾವಾಗಲೂ ಒಂದೇ ಕಡೆ ಜೋಡಿಸಬೇಕು ಅನ್ನುವ ಮಾತು ಹುಟ್ಟಿದ್ದು ಇನ್ನೊಂದು ಕೇಬಲ್ಲಿಗಾಗಿ. ಲೋಡ್ ಸೆಲ್ ವೈರಿನಲ್ಲಿ ಅದನ್ನು ಪಾಲಿಸಿ, ಇಂಡಿಕೇಟರ್ (ಅಂಕಿ ತೋರಿಸುವ ಪೆಟ್ಟಿಗೆ) ಕಡೆ ಮಾತ್ರ ಜೋಡಿಸಿ, ಕಾಟಾದ ಕಂಪನಿ ಬೇರೆ ಹೇಳಿದ್ದರೆ ಅವರ ಮಾತು ಕೇಳಿ. ಎರಡೂ ಕಡೆ ಜೋಡಿಸಿದರೆ ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ಶೀಲ್ಡಿನಲ್ಲೇ ಹರಿದು ಹೊಸ ತ್ರಾಸು ಕೊಡಬಹುದು. ಮೋಟಾರ್ ಕೇಬಲ್ಲಿಗೆ ಈ ನಿಯಮ ಹಚ್ಚಿದರೆ ಶೀಲ್ಡ್ ಹಾಕಿದ ದುಡ್ಡು ನೀರಿಗೆ ಹೋದಂತೆ.

ಇಷ್ಟರ ನಂತರವೂ ಉಳಿದರೆ ಫೆರೈಟ್ ರಿಂಗ್. ಮೋಟಾರಿನ ಮೂರೂ ಫೇಸ್ ವೈರ್ ಒಟ್ಟಿಗೆ ಒಂದೇ ರಿಂಗಿನಲ್ಲಿ ಹೋಗಬೇಕು, ಅರ್ಥ್ ವೈರ್ ಹೊರಗೆ. ಒಂದೊಂದು ವೈರಿಗೆ ಒಂದೊಂದು ರಿಂಗ್ ಹಾಕಿದರೆ ಮೋಟಾರ್ ಕರೆಂಟಿಗೇ ರಿಂಗ್ ತುಂಬಿಹೋಗಿ ಸತ್ತಂತೆ ಕೂರುತ್ತದೆ. ಡ್ರೈವಿನ ಸೆಟ್ಟಿಂಗಿನಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕತ್ತರಿಸಬೇಕು ಅನ್ನುವುದು, 8 ಕಿಲೋಹರ್ಟ್ಸ್ ಇದ್ದರೆ 4ಕ್ಕೆ ಇಳಿಸಿ ನೋಡಿ. ಸಿಡಿತಗಳ ಸಂಖ್ಯೆ ಅರ್ಧ ಆಗುತ್ತದೆ. ಮೋಟಾರ್ ಸ್ವಲ್ಪ ಕೀರಲು ಸದ್ದು ಮಾಡುತ್ತದೆ, ಬ್ಲೋವರ್ ಶೆಡ್ಡಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

ಬ್ಯಾಟರಿ ಪರೀಕ್ಷೆಯಲ್ಲಿ ಕುಣಿತ ನಿಂತಿದ್ದರೆ ಮಾತ್ರ ಡ್ರೈವಿನ ಇನ್‌ಪುಟ್ಟಿಗೆ ಇಎಂಐ ಫಿಲ್ಟರ್ ಹಾಕಿಸಿ. ಅದು ಗದ್ದಲವನ್ನು ಅರ್ಥ್ ಕಡೆಗೇ ತಿರುಗಿಸುವ ಸಾಧನ, ಹಾಗಾಗಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಆಗಾಗ ಟ್ರಿಪ್ ಆಗಬಹುದು. ಆಗ ಆರ್‌ಸಿಸಿಬಿ ಬೈಪಾಸ್ ಮಾಡಬೇಡಿ. ಡ್ರೈವಿಗೆ ತಕ್ಕ ಬೇರೆ ಜಾತಿಯ ಆರ್‌ಸಿಸಿಬಿ ಸಿಗುತ್ತದೆ, ಪ್ಯಾನಲ್ ಮಾಡುವವರನ್ನು ಕೇಳಿ. ಇಂಡಿಕೇಟರಿನಲ್ಲಿ ಡಿಜಿಟಲ್ ಫಿಲ್ಟರ್ ಏರಿಸುವ ದಾರಿಯೂ ಇದೆ. ನನಗೆ ಅದು ಇಷ್ಟವಿಲ್ಲ. ಅಂಕಿ ನಿಲ್ಲಲು ಮೂರ್ನಾಲ್ಕು ಸೆಕೆಂಡ್ ಬೇಕಾಗುತ್ತದೆ, ಅವಸರದಲ್ಲಿರುವ ಕೆಲಸದವರು ಅಷ್ಟರೊಳಗೆ ಬಾಕ್ಸ್ ಎತ್ತಿರುತ್ತಾರೆ.

ತಗಡಿನ ಕ್ಯಾಬಿನ್ ತತ್ವ ಸುಳ್ಳಲ್ಲ. ಫ್ಯಾರಡೆ 1836ರಲ್ಲೇ ಇಡೀ ಕೋಣೆಗೆ ಲೋಹದ ಹಾಳೆ ಹೊದಿಸಿ, ಒಳಗೆ ಕೂತು ತೋರಿಸಿದ್ದರು. ಆದರೆ ನಿಮ್ಮ ಕ್ಯಾಬಿನ್ನಿಗೆ ಬಾಕ್ಸ್ ಇಡಲು ಬಾಗಿಲು ಬೇಕು, ಒಳಗೆ ಚಾರ್ಜರ್ ವೈರ್ ಹೋಗಬೇಕು. ಆ ಒಂದು ವೈರ್ ಹೊರಗಿನ ಗದ್ದಲವನ್ನೆಲ್ಲ ಹೊತ್ತು ಒಳಗೆ ನಡೆದು ಬರುತ್ತದೆ. ತಗಡು ಹಾಕಿದ ಮೇಲೆ ತೂಕ ನಿಂತಿತು ಅಂತ ಹೇಳಿದ ಎರಡು ಮೂರು ಕಡೆ ನಾನು ಹೋಗಿ ನೋಡಿದೆ. ಅಲ್ಲಿ ತಗಡು ತಡೆದಿದ್ದು ಗಾಳಿಯನ್ನು.

ಒಂದು ಸಣ್ಣ ಜಾಗ ಮಾತ್ರ ಮರೆಯದೆ ನೋಡಿ. ಮಣೂಕ ಘಟಕದಲ್ಲಿ ಗಂಧಕದ ಹೊಗೆ ಹಾಕುವ ರೂಢಿ ಇದ್ದರೆ ಆ ಹೊಗೆ ಮತ್ತು ಸಕ್ಕರೆ ಅಂಟು ಸೇರಿ ಕನೆಕ್ಟರಿನ ಪಿನ್ನುಗಳನ್ನು ಕಪ್ಪು ಮಾಡುತ್ತವೆ. ಕಾಟಾ ಆಫ್ ಮಾಡಿ, ಲೋಡ್ ಸೆಲ್ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪಿನ್ ಮಂಕಾಗಿದ್ದರೆ, ನಡುವೆ ಕಂದು ಅಂಟು ಕಂಡರೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ. ಅಲ್ಲೇ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸಿಗ್ನಲ್ ಸೋರುತ್ತಿರುತ್ತದೆ, ಶೀಲ್ಡ್ ಎಳೆಗೂ ಜೋಡಣೆ ತಪ್ಪಿರುತ್ತದೆ. ಆದರೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿ ಲೋಡ್ ಸೆಲ್ ಪರೀಕ್ಷೆ ಮಾಡಲು ಬಿಡಬೇಡಿ, ಒಳಗಿನ ತೆಳು ಇನ್ಸುಲೇಶನ್ ತೂತು ಬೀಳಬಹುದು. ಕಾಟಾದ ಫ್ರೇಮಿನ ಮೇಲೆ ವೆಲ್ಡಿಂಗ್ ಅಂತೂ ಬೇಡವೇ ಬೇಡ. ಒಂದು ಕಬ್ಬಿನ ಕಾಟಾದಲ್ಲಿ ವೆಲ್ಡರ್ ಅರ್ಥ್ ಕ್ಲಾಂಪನ್ನು ಪ್ಲಾಟ್‌ಫಾರ್ಮಿಗೆ ಹಚ್ಚಿ ಐದೇ ನಿಮಿಷ ಬೆಸುಗೆ ಹಾಕಿದ್ದ, ಮೂರು ಲೋಡ್ ಸೆಲ್ ಒಟ್ಟಿಗೆ ಹೋಗಿದ್ದವು.

ಡ್ರೈವ್ ಪ್ಯಾನಲ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮೇನ್ ಆಫ್ ಮಾಡಿದ ಮೇಲೂ ಆ 590 ವೋಲ್ಟ್ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಡ್ರೈವಿನ ಪುಸ್ತಕದಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರ್ ಹಿಡಿದು ನೋಡಿ, ಆಮೇಲೆ ಮುಟ್ಟಲಿ. ಮತ್ತು ಕಾಟಾದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇದ್ದೇ ಇರುತ್ತದೆ, ಮಾರಾಟದ ತೂಕಕ್ಕೆ ಅದು ಕಾನೂನು. ಕನೆಕ್ಟರ್ ಸೀಲಿನ ಒಳಗೆ ಇದ್ದರೆ, ಇಂಡಿಕೇಟರ್ ಬಿಚ್ಚಬೇಕಾಗಿ ಬಂದರೆ, ಲೈಸೆನ್ಸ್ ಇರುವ ರಿಪೇರಿಯವರನ್ನೇ ಕರೆಸಿ, ಮತ್ತೆ ಮುದ್ರೆ ಹಾಕಿಸಿಕೊಳ್ಳಿ.

ರಟ್ಟಿನ ಬಾಕ್ಸ್, ಬೆಲ್ಟ್, ಬ್ಯಾಟರಿ, ಈ ಮೂರೂ ಪರೀಕ್ಷೆ ಮಾಡುವಾಗ ತಟ್ಟೆಯ ಮೇಲೆ 10 ಕೆಜಿ ಮುದ್ರೆಯ ಕಲ್ಲು ಇಟ್ಟು, ಐದು ಸೆಕೆಂಡಿಗೊಮ್ಮೆ ಹತ್ತು ಅಂಕಿ ಬರೆದುಕೊಳ್ಳಿ. ಅಂಕಿ ಯಾವಾಗಲೂ ಒಂದೇ ಕಡೆಗೆ ಜಾರುತ್ತದೋ, 10 ಕೆಜಿಯ ಆಚೆ ಈಚೆ ಎರಡೂ ಕಡೆ ಕುಣಿಯುತ್ತದೋ ಅನ್ನುವುದನ್ನು ನೀವು ಬರೆದಿಲ್ಲ, ಅದು ನನಗೆ ಬೇಕು. ಡ್ರೈವಿನಿಂದ ಮೋಟಾರಿಗೆ ಎಷ್ಟು ಮೀಟರ್, ಈಗ ಇರುವುದು ಯಾವ ಕೇಬಲ್ ಅನ್ನುವುದನ್ನೂ ಸೇರಿಸಿ ಬರೆದು ಕಳಿಸಿ. ಕೇಬಲ್ ತರುವ ಮುಂಚೆ ಅದರ ಸೈಜ್ ಎಷ್ಟು ಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.